ಓದುಗರ ಪ್ರಶ್ನೆ: ಉಪೋಷ್ಣ ಎಲ್ಲಿ ಮುಗಿಯುತ್ತದೆ, ಸಮಶೀತೋಷ್ಣ ಎಲ್ಲಿ ಶುರು?

ಪ್ರಶ್ನೆ: ಮಗನ ಪಾಠಪುಸ್ತಕದಲ್ಲಿ 23½ ಡಿಗ್ರಿ ಅಕ್ಷಾಂಶದ ಒಳಗೆ ಉಷ್ಣವಲಯ, ಅಲ್ಲಿಂದ 66½ರವರೆಗೆ ಸಮಶೀತೋಷ್ಣ ವಲಯ ಎಂದಿದೆ. ಉಪೋಷ್ಣವಲಯದ ಸುದ್ದಿಯೇ ಇಲ್ಲ. ನರ್ಸರಿಯವರು ಮಾತ್ರ ಬಟರ್ ಫ್ರೂಟ್, ಲಿಚಿಗಳನ್ನು ‘ಉಪೋಷ್ಣದ ಗಿಡ’ ಎಂದು ಕೊಡುತ್ತಾರೆ. ನೆಟ್ಟರೆ ನಮ್ಮಲ್ಲಿ ಬರುತ್ತವೆ ಕೂಡ. ಈ ಎರಡರ ಗಡಿ ನಿಜಕ್ಕೂ ಎಲ್ಲಿದೆ? ಚಿಕ್ಕಮಗಳೂರು ಯಾವ ಕಡೆ?
– ಬೆಳೆಗಾರರೊಬ್ಬರು, ಆಲ್ದೂರು

ಉತ್ತರ: ಪಾಠಪುಸ್ತಕದ್ದು ಬಿಸಿಲಿನ ಲೆಕ್ಕ. ಕರ್ಕಾಟಕ ಸಂಕ್ರಾಂತಿ ವೃತ್ತದಾಚೆ ಸೂರ್ಯ ಯಾವತ್ತೂ ನೆತ್ತಿಯ ಮೇಲೆ ಬರುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಎತ್ತರ, ಕಡಲು, ಗಾಳಿ ಯಾವುದನ್ನೂ ಅದು ಕೇಳುವುದಿಲ್ಲ. ಹಾಗಾಗಿ ಮಂಗಳೂರಿನ ಬಂದರಿಗೂ ಮುಳ್ಳಯ್ಯನಗಿರಿಯ ತುದಿಗೂ ಆ ಪುಸ್ತಕದಲ್ಲಿ ಒಂದೇ ಹವೆ. ಮಕ್ಕಳಿಗೆ ಋತು ಏಕೆ ಬದಲಾಗುತ್ತದೆ ಎಂದು ಹೇಳಿಕೊಡಲು ಅದು ಸಾಕು, ಗಿಡ ನೆಡಲು ಸಾಲದು.

ಹವಾಗುಣ ಓದಿದವರು ಗಡಿ ಎಳೆಯುವುದು ತಿಂಗಳ ಸರಾಸರಿ ಉಷ್ಣಾಂಶದ ಮೇಲೆ. ಹೆಚ್ಚು ಬಳಕೆಯಲ್ಲಿರುವುದು ವ್ಲಾಡಿಮಿರ್ ಕೊಪ್ಪೆನ್ 1884ರಲ್ಲಿ ಶುರುಮಾಡಿ 1936ರವರೆಗೂ ತಿದ್ದುತ್ತಾ ಬಂದ ಪದ್ಧತಿ. ವರ್ಷದ ಅತಿ ತಣ್ಣನೆಯ ತಿಂಗಳ ಸರಾಸರಿ 18 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಊರು ‘ಎ’, ಎಂದರೆ ಉಷ್ಣ. 18ಕ್ಕಿಂತ ಕಡಿಮೆ, ಮೈನಸ್ 3ಕ್ಕಿಂತ ಹೆಚ್ಚು ಇದ್ದರೆ ‘ಸಿ’. ಇನ್ನೂ ಕೆಳಗಿಳಿದರೆ ‘ಡಿ’. ಒಣ ಸೀಮೆಗಳಿಗೆ ‘ಬಿ’ ಎಂಬ ಬೇರೆಯದೇ ಮನೆ ಇದೆ, ಅದು ಇಲ್ಲಿ ಬೇಡ. ಮೈನಸ್ 3ರ ಬದಲು ಸೊನ್ನೆಯನ್ನೇ ಗೆರೆಯಾಗಿ ಇಟ್ಟುಕೊಳ್ಳುವವರೂ ಇದ್ದಾರೆ.

ಗೊಂದಲವೆಲ್ಲ ಹುಟ್ಟುವುದು ಈ ‘ಸಿ’ಯ ಹೊಟ್ಟೆಯಲ್ಲಿ. ಕೊಪ್ಪೆನ್ ಉಪೋಷ್ಣ ಎಂದು ಬೇರೆ ದರ್ಜೆಯನ್ನೇ ಮಾಡಲಿಲ್ಲ. ‘ಸಿ’ ಪೂರ್ತಿ ಆತನ ಪಾಲಿಗೆ ಬೆಚ್ಚನೆಯ ಸಮಶೀತೋಷ್ಣ. ಅದರೊಳಗೆ ಬೇಸಿಗೆ ಸೆಕೆಯ ಭಾಗಕ್ಕೆ, ಎಂದರೆ ಅತಿ ಬಿಸಿ ತಿಂಗಳ ಸರಾಸರಿ 22 ಮುಟ್ಟುವ ಕಡೆಗೆ, ‘ತೇವಭರಿತ ಉಪೋಷ್ಣ’ ಎಂಬ ಹೆಸರು ಆಮೇಲೆ ಅಂಟಿಕೊಂಡಿತು. ಇದರಿಂದಾಗಿ ಲಖನೌ, ಶ್ರೀನಗರ, ಚಳಿಗಾಲದಲ್ಲಿ ಬೀದಿಯ ಹಿಮ ಗೋರುವ ನ್ಯೂಯಾರ್ಕ್ ಮೂರೂ ಒಂದೇ ಹೆಸರಿನಡಿ ಬಂದು ಕೂತಿವೆ. ನ್ಯೂಯಾರ್ಕಿನ ಜನವರಿ ಸರಾಸರಿ ಸೊನ್ನೆಗಿಂತ ಒಂದು ಡಿಗ್ರಿಯಷ್ಟೇ ಮೇಲೆ. ಅದನ್ನು ಉಪೋಷ್ಣ ಎಂದರೆ ಅಲ್ಲಿರುವ ನಮ್ಮ ಹುಡುಗರು ನಗುತ್ತಾರೆ.

ಇದನ್ನು ಸರಿಪಡಿಸಲು ಅಮೆರಿಕದ ಭೂಗೋಳಜ್ಞ ಗ್ಲೆನ್ ಟ್ರೆವಾರ್ಥಾ 1966ರಲ್ಲಿ ಬೇರೆ ಲೆಕ್ಕ ಹಿಡಿದರು. ಚಳಿ ಎಷ್ಟು ತೀವ್ರ ಎನ್ನುವುದರ ಜೊತೆಗೆ ಬೆಳೆ ಬೆಳೆಯುವ ಕಾಲ ಎಷ್ಟು ಉದ್ದ ಎಂದೂ ಕೇಳಿದರು. ಹನ್ನೆರಡೂ ತಿಂಗಳ ಸರಾಸರಿ 18ರ ಮೇಲಿದ್ದರೆ ಉಷ್ಣ. ಅದಿಲ್ಲದೆ, 10 ಡಿಗ್ರಿ ಮುಟ್ಟುವ ತಿಂಗಳು 8 ಅಥವಾ ಹೆಚ್ಚಿದ್ದರೆ ಉಪೋಷ್ಣ. 4ರಿಂದ 7 ಇದ್ದರೆ ಸಮಶೀತೋಷ್ಣ. ನ್ಯೂಯಾರ್ಕಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 7 ತಿಂಗಳು ಸಿಗುತ್ತದೆ, ಆದ್ದರಿಂದ ಸಮಶೀತೋಷ್ಣ. ಶ್ರೀನಗರಕ್ಕೂ ಅದೇ 7 ಖಚಿತ. ಮಾರ್ಚ್ ಮಾತ್ರ 10ರ ಆಸುಪಾಸಿನಲ್ಲಿ ತೂಗಾಡುತ್ತದೆ. ಯಾವ ಗೆರೆ ಎಳೆದರೂ ಅದರ ಮೇಲೆ ಒಂದು ಊರು ಬಂದು ಕೂತೇ ಕೂರುತ್ತದೆ. ಆದರೂ ನೀವು ಕೇಳಿದ ಗಡಿಗೆ ನಾವು ಒಪ್ಪುವುದು ಇದೇ ‘8 ತಿಂಗಳ’ ಲೆಕ್ಕವನ್ನು.

ಇನ್ನು ಚಿಕ್ಕಮಗಳೂರು. ಮಾಗಿಯಲ್ಲಿ ಹಗಲು 27–28, ರಾತ್ರಿ 14–15 ಎಂದು ಹಿಡಿದರೂ ಸರಾಸರಿ 21ರ ಹತ್ತಿರ. ಹಾಸನದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡು ಪದ್ಧತಿಯಲ್ಲೂ ಎರಡೂ ಊರು ಉಷ್ಣವಲಯವೇ, ಎತ್ತರದ ದಯೆಯಿಂದ ತಂಪಾದ ಉಷ್ಣವಲಯ. ಲಿಚಿ ನಕ್ಷೆ ನೋಡಿ ಹೂ ಬಿಡುವುದಿಲ್ಲ. ಅದಕ್ಕೆ ಹೂಗೊಂಚಲು ಕಟ್ಟುವ ಮುಂಚೆ ಕೆಲವು ವಾರ ಒಣ ಹವೆ, ತಂಪು ರಾತ್ರಿ ಬೇಕು, ಮೈ ಕೊರೆಯುವ ಹಿಮ ಬೇಡ. ಮಲೆನಾಡಿನ ಮಾಗಿ ಅದನ್ನು ಕೊಡುತ್ತದೆ.

ಪ್ರಶ್ನೆ: ಹಾಗಾದರೆ ಬಾಬಾಬುಡನ್ ಗಿರಿಸಾಲಿನ ಮೇಲಾದರೂ ಸಮಶೀತೋಷ್ಣ ಇರಬೇಕಲ್ಲ? ಊಟಿ, ಕೊಡೈಕನಾಲುಗಳನ್ನು ಹಾಗೇ ಕರೆಯುತ್ತಾರೆ.
– ಭೂಗೋಳ ಉಪನ್ಯಾಸಕಿ, ಹಾಸನ

ಉತ್ತರ: ತರಗತಿಯಲ್ಲೇ ಮಾಡಿಸಬಹುದಾದ ಲೆಕ್ಕ ಇದು. ಪ್ರತಿ 100 ಮೀಟರ್ ಮೇಲೇರಿದರೆ ಸುಮಾರು 0.6 ಡಿಗ್ರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್, ಮಾಗಿಯ ಸರಾಸರಿ 21. ಅದು 18ಕ್ಕೆ ಇಳಿಯಲು 3 ಡಿಗ್ರಿ, ಎಂದರೆ ಇನ್ನೂ 500 ಮೀಟರ್ ಹತ್ತಬೇಕು. ಹಾಗಾಗಿ ಉಷ್ಣ–ಉಪೋಷ್ಣ ಗೆರೆ 1,600 ಮೀಟರಿನ ಆಸುಪಾಸಿನಲ್ಲಿ ಬೀಳುತ್ತದೆ. 1,434 ಮೀಟರಿನ ಕೆಮ್ಮಣ್ಣುಗುಂಡಿ ಗೆರೆಯ ಕೆಳಗೆ. ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿ 16ರ ಹತ್ತಿರ ಬಂದು ಗೆರೆಯ ಮೇಲೆ. ಕಾಫಿ, ನೆರಳುಮರ ಮುಗಿದು ಹುಲ್ಲುಗಾವಲು, ಕಣಿವೆಯ ಸಂದಿಗಳಲ್ಲಿ ಶೋಲಾ ಕಾಡು ಕಾಣುವ ಆ ಮೇಲಿನ ಪಟ್ಟಿ ಉಪೋಷ್ಣ ಎನ್ನಲು ಅಡ್ಡಿಯಿಲ್ಲ. ಆದರೆ ಆ ಹುಲ್ಲಿಗೆ ಉಷ್ಣಾಂಶ ಒಂದೇ ಕಾರಣ ಎನ್ನಬೇಡಿ; ಗಾಳಿ, ತೆಳು ಮಣ್ಣು, ಬೆಂಕಿಗೂ ಅದರಲ್ಲಿ ಪಾಲಿದೆ.

ಮುಂದಕ್ಕೆ ಲೆಕ್ಕ ಹಾಕಿ. ಸರಾಸರಿ 10ಕ್ಕೆ ಇಳಿಯಲು 11 ಡಿಗ್ರಿ ಕಳೆಯಬೇಕು, ಎಂದರೆ ಇನ್ನೂ 1,830 ಮೀಟರ್. ಒಟ್ಟು 2,900 ದಾಟಿತು. ದಕ್ಷಿಣ ಭಾರತದ ಅತಿ ಎತ್ತರದ ಆನೈಮುಡಿಯೇ 2,695 ಮೀಟರ್. ಅದೂ ಒಂದು ತಿಂಗಳು 10ಕ್ಕಿಂತ ಕೆಳಗಿಳಿದರೆ ಸಾಲದು, 5 ತಿಂಗಳು ಇಳಿಯಬೇಕು. ಟ್ರೆವಾರ್ಥಾ ಲೆಕ್ಕದಲ್ಲಿ ವಿಂಧ್ಯದ ಈಚೆಗೆ ಸಮಶೀತೋಷ್ಣ ಎಂಬುದೇ ಇಲ್ಲ. 2,240 ಮೀಟರಿನ ಊಟಿಯಲ್ಲಿ ಜನವರಿಯ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ನಿಜ. ಹಗಲು 20ರವರೆಗೆ ಏರುವುದರಿಂದ ತಿಂಗಳ ಸರಾಸರಿ 10ರ ಕೆಳಗೆ ಹೋಗುವುದಿಲ್ಲ. ಕೊಪ್ಪೆನ್ ಪ್ರಕಾರ ಅದು ‘ಸಿ’ ಆಗುವುದರಿಂದ ಸಮಶೀತೋಷ್ಣ ಎನ್ನುವವರದ್ದೂ ತಪ್ಪಲ್ಲ. ಪರೀಕ್ಷೆಯಲ್ಲಿ ಯಾವ ಪದ್ಧತಿ ಎಂದು ಬರೆಯದೆ ಉತ್ತರ ಕೊಟ್ಟ ಹುಡುಗನಿಗೆ ಅರ್ಧ ಅಂಕ ಕಡಿಯಬಹುದು.

ಪ್ರಶ್ನೆ: ಆಷಾಢದಲ್ಲೇ ನಮಗೆ ಹೆಚ್ಚು ಚಳಿ. ಲೆಕ್ಕದಲ್ಲಿ ಮಾತ್ರ ಯಾವಾಗಲೂ ಡಿಸೆಂಬರ್, ಜನವರಿ. ಏಕೆ?
– ಓದುಗರು, ಮೂಡಿಗೆರೆ

ಉತ್ತರ: ಆಷಾಢದಲ್ಲಿ ಮೋಡ ಕವಿದು ಹಗಲು ಏರುವುದಿಲ್ಲ, ಅದೇ ಮೋಡ ರಾತ್ರಿ ಇಳಿಯಲೂ ಬಿಡುವುದಿಲ್ಲ. ಗಾಳಿ, ಒದ್ದೆ ಬಟ್ಟೆ ಸೇರಿ ಮೈಗೆ ಚಳಿ ಹೆಚ್ಚು ಅನಿಸುತ್ತದೆ. ಥರ್ಮಾಮೀಟರಿಗೆ ಗಾಳಿ ತಾಗುವುದಿಲ್ಲ. ಮಾಗಿಯಲ್ಲಿ ಹಗಲಿನ ಬಿಸಿಲು ಸರಾಸರಿಯನ್ನು ಮೇಲೆತ್ತುತ್ತದೆ. ಘಟ್ಟದ ಅಂಚಿನಲ್ಲಿ, ಎತ್ತರದಲ್ಲಿ ಎರಡೂ ಸರಾಸರಿ ಹತ್ತಿರ ಹತ್ತಿರ ಬರುತ್ತವೆ. ಆದ್ದರಿಂದ ‘ಅತಿ ತಣ್ಣನೆಯ ತಿಂಗಳು’ ಜನವರಿಯೇ ಎಂದು ಮೊದಲೇ ತೀರ್ಮಾನಿಸದೆ ಹನ್ನೆರಡನ್ನೂ ಲೆಕ್ಕ ಹಾಕಿ.

ಪ್ರಶ್ನೆ: ವರಾಂಡದ ಗೋಡೆಗೆ ಗರಿಷ್ಠ–ಕನಿಷ್ಠ ಥರ್ಮಾಮೀಟರ್ ತೂಗುಹಾಕಿ ಎರಡು ವರ್ಷದಿಂದ ಬರೆದಿಡುತ್ತಿದ್ದೇನೆ. ನನ್ನ ತೋಟ 18ರ ಗೆರೆಯ ಯಾವ ಕಡೆ ಎಂದು ಇದರಿಂದ ಹೇಳಬಹುದೇ?
– ಬೆಳೆಗಾರರು, ಸಕಲೇಶಪುರ

ಉತ್ತರ: ಗೋಡೆಯ ಮೇಲಿನದು ಗೋಡೆಯ ಉಷ್ಣಾಂಶ. ಹಗಲು ಕಾದ ಗೋಡೆ ರಾತ್ರಿಯೆಲ್ಲ ಬಿಸಿ ಬಿಡುತ್ತದೆ, ನಿಮ್ಮ ಕನಿಷ್ಠ ಸುಳ್ಳಾಗಿ ಮೇಲಿರುತ್ತದೆ. ಗಾಳಿಯಾಡುವ ಪಟ್ಟಿಗಳಿರುವ ಮರದ ಪೆಟ್ಟಿಗೆ ಮಾಡಿಸಿ, ಒಳಗೂ ಹೊರಗೂ ಬಿಳಿ ಬಣ್ಣ ಬಳಿಸಿ. ಮೇಲೆ ಎರಡು ಪದರದ ಮುಚ್ಚಿಗೆ ಇರಲಿ, ನಡುವೆ ಗಾಳಿ ಹಾಯಲಿ. ಬಾಗಿಲು ಉತ್ತರಕ್ಕೆ, ತೆರೆದಾಗ ಬಿಸಿಲು ಬೀಳಬಾರದು. ಥರ್ಮಾಮೀಟರಿನ ಬುರುಡೆ ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿರಲಿ, ಕೆಳಗೆ ನೆಲದಲ್ಲಿ ಕತ್ತರಿಸಿದ ಹುಲ್ಲಿರಲಿ. ಕಾಫಿ ಒಣಗಿಸುವ ಸಿಮೆಂಟ್ ಕಣದ ಪಕ್ಕ ಬೇಡ, ಸಿಲ್ವರ್ ಮರದ ನೆರಳೂ ಬೇಡ.

ಇನ್ನು ಓದುವ ಹೊತ್ತು. ದಿನಾ ಬೆಳಿಗ್ಗೆ 8.30ಕ್ಕೆ ಓದಿ, ಆಮೇಲೆ ಸೂಚಿಯನ್ನು (ಗರಿಷ್ಠ, ಕನಿಷ್ಠ ಮುಟ್ಟಿದಲ್ಲೇ ನಿಂತುಬಿಡುವ ಗುರುತುಕಡ್ಡಿ) ಆ ಹೊತ್ತಿನ ಉಷ್ಣಾಂಶಕ್ಕೆ ಮರಳಿ ಕೂರಿಸಿ. ಕನಿಷ್ಠ ಇವತ್ತಿನದು, ಗರಿಷ್ಠ ನಿನ್ನೆಯದು. ಗರಿಷ್ಠವನ್ನು ನಿನ್ನೆಯ ಸಾಲಿಗೆ ಬರೆಯಬೇಕು. ಹೆಚ್ಚಿನವರು ಎಡವುವುದು ಮಧ್ಯಾಹ್ನ ಊಟಕ್ಕೆ ಬಂದಾಗ ಓದುವುದರಿಂದ. ಸೋಮವಾರ 2.30ಕ್ಕೆ 30 ಡಿಗ್ರಿ ಇದ್ದಾಗ ಸೂಚಿ ಕೂರಿಸಿದಿರಿ ಎನ್ನಿ. ಮಂಗಳವಾರ ಮೋಡ ಕವಿದು 25 ದಾಟಲಿಲ್ಲ. ಆದರೂ ಮಂಗಳವಾರ ಓದುವಾಗ ಸೂಚಿ 30ರಲ್ಲೇ ನಿಂತಿರುತ್ತದೆ. ಒಂದೇ ಸೆಕೆ ಎರಡು ದಿನದ ಲೆಕ್ಕಕ್ಕೆ ಬಿತ್ತು. ತಿಂಗಳಲ್ಲಿ ಹೀಗೆ ನಾಲ್ಕೈದು ಸಲವಾದರೂ ಸರಾಸರಿ ಮೇಲೆ ಸರಿಯುತ್ತದೆ.

ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿ, ತಿಂಗಳ ಎಲ್ಲ ದಿನದ್ದನ್ನೂ ಸರಾಸರಿ ತೆಗೆಯಿರಿ. ಸತತ 5 ದಿನ ಅಥವಾ ಒಟ್ಟು 11 ದಿನ ಓದು ತಪ್ಪಿದ ತಿಂಗಳನ್ನು ಕೈಬಿಡಿ. ವಿಶ್ವ ಹವಾಮಾನ ಸಂಸ್ಥೆಯ ನಿಯಮವೂ ಅದೇ. ಗಂಟೆಗೊಮ್ಮೆ ದಾಖಲಿಸುವ ಯಂತ್ರದ ಸರಾಸರಿಯನ್ನು ಇದರ ಜೊತೆ ಬೆರೆಸಬೇಡಿ, ಎರಡಕ್ಕೂ ವ್ಯತ್ಯಾಸ ಬರುತ್ತದೆ. ಎರಡು ವರ್ಷದ್ದು ಗೆರೆ ಎಳೆಯಲು ಸಾಲದು. ಹವಾಗುಣ ಎನ್ನಲು 30 ವರ್ಷ ಬೇಕು, ಈಗ ಬಳಸುವುದು 1991–2020ರ ಅವಧಿ. ಹತ್ತಿರದ ಹವಾಮಾನ ಕೇಂದ್ರದ ಅದೇ ಎರಡು ವರ್ಷದ ಅಂಕಿ ಪಡೆದು ನಿಮ್ಮದರೊಂದಿಗೆ ವ್ಯತ್ಯಾಸ ನೋಡಿ, ಆ ವ್ಯತ್ಯಾಸವನ್ನು ಕೇಂದ್ರದ 30 ವರ್ಷದ ಸರಾಸರಿಗೆ ಸೇರಿಸಿ. ಸಕಲೇಶಪುರದ ಎತ್ತರಕ್ಕೆ ಉತ್ತರ 18ಕ್ಕಿಂತ ಕೆಳಗೆ ಬಂದರೆ ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ.

ಪ್ರಶ್ನೆ: ಸಮಶೀತೋಷ್ಣದ ಹಣ್ಣು ಸೇಬು ಈಗ ಬಯಲುಸೀಮೆಯಲ್ಲೂ ಬೆಳೆಯುತ್ತದೆ ಎಂದು ಸಸಿ ಮಾರುತ್ತಿದ್ದಾರೆ. ನಂಬಬಹುದೇ?
– ಓದುಗರು, ಬೇಲೂರು

ಉತ್ತರ: ತಳಿ ಯಾವುದು ಎಂದು ಮೊದಲು ಕೇಳಿ. ಸೇಬಿನ ಮೊಗ್ಗು ಚಳಿಗಾಲದ ನಿದ್ದೆಯಿಂದ ಏಳಲು 7.2 ಡಿಗ್ರಿಗಿಂತ ಕಡಿಮೆ ಇರುವ ಗಂಟೆಗಳನ್ನು ಒಟ್ಟುಮಾಡಿಕೊಳ್ಳುತ್ತದೆ. ಕಾಶ್ಮೀರ, ಹಿಮಾಚಲದ ಹಳೆಯ ಕೆಂಪು ತಳಿಗಳಿಗೆ ಅಂಥ ಸಾವಿರದಷ್ಟು ಗಂಟೆ ಬೇಕು. ಬೇಲೂರಿನ ಮಾಗಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಸೊನ್ನೆ. ಅಂಥ ಗಿಡ ಇಲ್ಲಿ ಸಾಯುವುದಿಲ್ಲ, ಆದರೆ ಕೊಂಬೆಯ ತುದಿಯಲ್ಲಷ್ಟೇ ನಾಲ್ಕು ಎಲೆ ಬಿಟ್ಟು ಉಳಿದ ಮೊಗ್ಗು ಮಲಗಿಯೇ ಇರುತ್ತದೆ.

ಕಡಿಮೆ ಚಳಿ ಸಾಕೆನ್ನುವ ತಳಿಗಳೆಂದರೆ ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99. ಅನ್ನಾ ಒಂದನ್ನೇ ನೆಟ್ಟರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಪರಾಗಕ್ಕೆ ನಡುನಡುವೆ ಡಾರ್ಸೆಟ್ ಗೋಲ್ಡನ್ ಬೇಕು. ಚಳಿಯೇ ಇಲ್ಲದ ಜಾವಾದ ಬಾಟು ಸೀಮೆಯಲ್ಲಿ ಸೇಬಿಗೆ ಬೇರೆ ಉಪಾಯ ಮಾಡುತ್ತಾರೆ: ಕೊಯ್ಲಾದ ಸುಮಾರು ಒಂದು ತಿಂಗಳಿಗೆ, ಮೊಗ್ಗು ಗಾಢನಿದ್ದೆಗೆ ಜಾರುವ ಮುಂಚೆಯೇ, ಎಲೆಯನ್ನೆಲ್ಲ ಕೈಯಲ್ಲಿ ಕಿತ್ತುಬಿಡುತ್ತಾರೆ. ಕೊಂಬೆಗಳನ್ನು ಅಡ್ಡಕ್ಕೆ ಬಗ್ಗಿಸಿ ಕಟ್ಟಿದರೆ ತುದಿಯ ಬಲ ಮುರಿದು ಪಕ್ಕದ ಮೊಗ್ಗುಗಳೂ ಒಡೆಯುತ್ತವೆ.

ಇಲ್ಲಿ ಸೇಬಿಗೆ ನಿಜವಾದ ಶತ್ರು ಮುಂಗಾರು. ಹಣ್ಣು ಮೇ ಕೊನೆಯೊಳಗೆ ಕೈಸೇರಬೇಕಾದರೆ ಹೂ ಜನವರಿಯಲ್ಲೇ ಬರಬೇಕು, ಎಲೆ ಕೀಳುವ ಕೆಲಸ ಡಿಸೆಂಬರಿನಲ್ಲೇ ಮುಗಿಯಬೇಕು. ನೀರು ನಿಲ್ಲುವ ಜಾಗದಲ್ಲಿ ಎರಡೇ ಮಳೆಗಾಲಕ್ಕೆ ಬೇರು ಕೊಳೆಯುತ್ತದೆ. ಇಳಿಜಾರಿನಲ್ಲಿ ದಿಬ್ಬ ಮಾಡಿ ನೆಡಿ. ಹತ್ತು ಗಿಡ ಹಾಕಿ ಮೂರು ಫಸಲು ನೋಡುವವರೆಗೆ ಕಾಫಿ ಗಿಡ ಕೀಳಬೇಡಿ.