ಕಾಲು ದುಡಿದದ್ದಕ್ಕೆ ಪಿಂಚಣಿ ಬರುತ್ತಾ?

ತುಮಕೂರು ಕಡೆಯ ಓದುಗರೊಬ್ಬರ ಪತ್ರ ಹೀಗಿದೆ: "ಬಸ್ ಕಂಡಕ್ಟರ್ ಆಗಿ ರಿಟೈರ್ ಆದವನು ನಾನು. ಸರ್ವಿಸ್ ಪೂರ್ತಿ ನಿಂತೇ ಕಳೆದೆ. ಈಗ ಮಗ ಕೈಗೊಂದು ವಾಚು ಕಟ್ಟಿ, ದಿನಕ್ಕೆ 10,000 ಹೆಜ್ಜೆ ಹಾಕಪ್ಪಾ ಅಂತ ಜೀವ ತಿನ್ನುತ್ತಾನೆ. ಅಷ್ಟು ವರ್ಷ ಕಾಲು ದುಡಿದದ್ದು ಪಿ.ಎಫ್. ಥರ ಜಮಾ ಆಗಿರಲ್ವಾ? ದಿನಾ ಕಸರತ್ತು ಮಾಡುತ್ತಿದ್ದ ಪುನೀತ್ ರಾಜ್‌ಕುಮಾರ್ ಅವರೇ 46ಕ್ಕೆ ಹೋಗಿಬಿಟ್ಟರು. ಈ ವಯಸ್ಸಲ್ಲಿ ನಡೆದು ನಾನೇನು ಸಾಧಿಸಲಿ?"

ಸ್ವಾಮಿ, ಮೈಗೆ ಕೆಲಸ ಕೊಡುವುದಕ್ಕೂ ಹೃದಯಕ್ಕೂ ನಂಟಿದೆ ಎಂದು ಲೆಕ್ಕ ಹಾಕಿ ತೋರಿಸಿದ ಮೊದಲ ದೊಡ್ಡ ಅಧ್ಯಯನ ನಡೆದದ್ದೇ ನಿಮ್ಮ ಕಸುಬಿನವರ ಮೇಲೆ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರಿದ್ದರು. ಅಲ್ಲಿನ ಸಾರಿಗೆ ನೌಕರರಲ್ಲಿ ಯಾರಿಗೆ ಹೃದಯಾಘಾತ ಆಗುತ್ತಿದೆ ಎಂದು ಅವರು ಹುಡುಕುತ್ತಾ ಹೋದರು. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರು ಕೂತೇ ಇರುತ್ತಿದ್ದ. ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಇಬ್ಬರದೂ ಒಂದೇ ಬಸ್ಸು, ಹೆಚ್ಚುಕಮ್ಮಿ ಒಂದೇ ಥರದ ಮನೆತನ. ಆದರೂ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಬಂದರೂ ತಡವಾಗಿ ಬರುತ್ತಿತ್ತು, ಮೊದಲ ಏಟಿಗೇ ಸಾಯುವವರೂ ಕಡಿಮೆ. 1953ರಲ್ಲಿ ಇದು ಪ್ರಕಟವಾಯಿತು. ಟಪಾಲು ಹಂಚುವ ಪೋಸ್ಟ್‌ಮ್ಯಾನ್‌ಗಳನ್ನೂ ಕುರ್ಚಿಯ ಗುಮಾಸ್ತರನ್ನೂ ಹೋಲಿಸಿದಾಗಲೂ ಕಂಡದ್ದು ಇದೇ.

ಮಾರಿಸ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಆಮೇಲೆ ಅವರು ನೌಕರರ ಯೂನಿಫಾರಂ ಪ್ಯಾಂಟಿನ ಸೊಂಟದ ಅಳತೆ ತೆಗೆದು ನೋಡಿದರು. ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪ! ಅಂದರೆ ವ್ಯತ್ಯಾಸ ಪೂರ್ತಿ ಮೆಟ್ಟಿಲಿನದ್ದೇ ಅಲ್ಲ. ತಮ್ಮ ವಾದವನ್ನು ತಾವೇ ಹೀಗೆ ಸಡಿಲ ಮಾಡಿಕೊಂಡವರ ಮಾತನ್ನು ನಾನು ಜಾಸ್ತಿ ನಂಬುತ್ತೇನೆ. ಅಂದ ಹಾಗೆ, ಅವರು ಬದುಕಿದ್ದು 99 ವರ್ಷ.

ಈಗ ನಿಮ್ಮ ಪಿ.ಎಫ್. ವಿಚಾರಕ್ಕೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ಇದು ಜಮಾ ಆಗುವ ಖಾತೆ ಅಲ್ಲ. ಅಮೆರಿಕದಲ್ಲಿ ರಾಲ್ಫ್ ಪ್ಯಾಫೆನ್‌ಬಾರ್ಗರ್ ಎಂಬ ವೈದ್ಯರು ಹಾರ್ವರ್ಡ್‌ನಲ್ಲಿ ಓದಿದ ಸುಮಾರು 17,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಕಾಲೇಜಿನಲ್ಲಿ ಆಟಗಾರರಾಗಿದ್ದು ಆಮೇಲೆ ಸೋಫಾ ಹಿಡಿದವರಿಗೆ ಹಳೆಯ ಆಟ ಕಾಪಾಡಲಿಲ್ಲ. ಆಗ ಏನೂ ಆಡದೆ, ದೊಡ್ಡವರಾದ ಮೇಲೆ ಓಡಾಟ ಶುರು ಮಾಡಿದವರಿಗೆ ಲಾಭ ಸಿಕ್ಕಿತು.

ಇನ್ನೊಂದು ವಿಷಯವೂ ಇದೆ. ನಮ್ಮ ಬಸ್ಸುಗಳಲ್ಲಿ ಹತ್ತಲು ಮಹಡಿ ಎಲ್ಲಿದೆ? ಜನರ ಮಧ್ಯೆ ನುಗ್ಗಿಕೊಂಡು, ಕಂಬಿಗೆ ಒರಗಿ ನಿಲ್ಲುವುದೇ ಹೆಚ್ಚು. ಕೋಪನ್‌ಹೇಗನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ 2021ರಲ್ಲಿ ಬಂದ ವರದಿಯಲ್ಲಿ, ಬಿಡುವಿನಲ್ಲಿ ಮಾಡುವ ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಮಾಡಿತ್ತು. ಕೆಲಸದ ಜಾಗದ ಮೈಮುರಿ ದುಡಿತ ಮಾಡಿರಲಿಲ್ಲ. ತಾಸುಗಟ್ಟಲೆ ನಿಂತರೆ ಬಿಪಿ ಏರಿಯೇ ಇರುತ್ತದೆ, ಸುಧಾರಿಸಿಕೊಳ್ಳಲು ಬಿಡುವೂ ಸಿಗುವುದಿಲ್ಲ. ಚುರುಕಾಗಿ ಅರ್ಧ ಗಂಟೆ ನಡೆದು ಬಂದು ಕೂರುವುದೇ ಬೇರೆ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ, ಹಾಗಾಗಿ ಸುಮ್ಮನಿದ್ದಾಗ ನಿಧಾನವಾಗಿ ಬಡಿಯುತ್ತದೆ. ರಕ್ತನಾಳ ಸಡಿಲಗೊಳ್ಳುತ್ತದೆ. ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಶುಗರ್ ಇರುವವರಿಗೆ ಈ ಕೊನೆಯದೇ ದೊಡ್ಡ ಲಾಭ.

ತಡವಾಯಿತೇ ಎಂಬ ಪ್ರಶ್ನೆಗೆ ನನಗೆ ತುಂಬಾ ಇಷ್ಟವಾದ ಪ್ರಯೋಗವೊಂದಿದೆ. 1966ರಲ್ಲಿ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದಮ್ಮು ಕುಸಿದುಹೋಯಿತು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಕರೆಸಿ ಪರೀಕ್ಷೆ ಮಾಡಿದರು. 30 ವರ್ಷದ ವಯಸ್ಸು ಮಾಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಜಾಸ್ತಿ! ಅಷ್ಟೇ ಅಲ್ಲ. ನಡಿಗೆ, ನಿಧಾನದ ಓಟ, ಸೈಕಲ್ ಎಂದು ಆರು ತಿಂಗಳು ಮಾಡಿಸಿದಾಗ, ವಯಸ್ಸಿನಿಂದ ಕಳೆದುಕೊಂಡಿದ್ದ ದಮ್ಮು ವಾಪಸ್ ಬಂತು. ಐದೇ ಜನ, ನಿಜ. ಆದರೆ ಐವತ್ತರ ಮೈಯೂ ಹೇಳಿದ ಮಾತು ಕೇಳುತ್ತದೆ ಎಂದು ತೋರಿಸಲು ಅಷ್ಟು ಸಾಕು.

ಪುನೀತ್ ಅವರ ವಿಷಯ. ಅವರು ಹೋದ 2021ರ ಅಕ್ಟೋಬರ್ 29ರ ನಂತರ ಎಷ್ಟೋ ಜನ ಜಿಮ್ ಎಂದರೇ ಹೆದರಿದರು. ಅವರ ಹೃದಯದಲ್ಲಿ ಏನಾಯಿತು ಎಂದು ನಾವು ಊಹಿಸುವುದು ಸರಿಯಲ್ಲ. ಬೇರೆ ಉದಾಹರಣೆ ಕೊಡುತ್ತೇನೆ. ಅಮೆರಿಕದವರಿಗೆ ಓಟದ ಹುಚ್ಚು ಹಿಡಿಸಿದ ಜಿಮ್ ಫಿಕ್ಸ್ 1984ರಲ್ಲಿ 52ನೇ ವಯಸ್ಸಿನಲ್ಲಿ ಓಟದ ವೇಳೆಯೇ ತೀರಿಕೊಂಡರು. "ನೋಡಿದಿರಾ!" ಎಂದವರೇ ಎಲ್ಲ. ಆದರೆ ಅವರ ತಂದೆ ಹೃದ್ರೋಗದಿಂದ 43ಕ್ಕೇ ಹೋಗಿದ್ದರು. ಓಟ ಶುರುಮಾಡುವ ಮೊದಲು ಫಿಕ್ಸ್ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದರು, ತೂಕವೂ ಬಹಳ ಇತ್ತು. ವ್ಯಾಯಾಮ ಅಪಾಯವನ್ನು ಕಡಿಮೆ ಮಾಡುತ್ತದೆ, ಅಳಿಸಿಹಾಕುವುದಿಲ್ಲ. ಮನೆತನದಲ್ಲಿ ಹೃದ್ರೋಗ ಇದ್ದರೆ ನಡಿಗೆಯೂ ಬೇಕು, ಡಾಕ್ಟರೂ ಬೇಕು.

ಆಯುಸ್ಸು ಎಷ್ಟು ಹೆಚ್ಚುತ್ತದೆ ಅಂತೀರಾ? ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2012ರಲ್ಲಿ ಲೆಕ್ಕ ಹಾಕಿದ್ದಾರೆ. 40 ದಾಟಿದವರಲ್ಲಿ ವಾರಕ್ಕೆ 75 ನಿಮಿಷ ಬಿರುಸಾಗಿ ನಡೆಯುವವರು, ಬಿಡುವಿನಲ್ಲಿ ಏನೂ ಮಾಡದವರಿಗಿಂತ ಸರಾಸರಿ 1.8 ವರ್ಷ ಜಾಸ್ತಿ ಬದುಕಿದ್ದರು. 150 ನಿಮಿಷದವರು ಸುಮಾರು 3.4 ವರ್ಷ. ಇದು ಸರಾಸರಿ, ನಿಮಗೂ ನನಗೂ ಬರೆದುಕೊಟ್ಟ ಗ್ಯಾರಂಟಿ ಅಲ್ಲ.

ನಿಮ್ಮ ಮಗನಿಗೂ ಒಂದು ಮಾತು. 10,000 ಎಂಬ ಸಂಖ್ಯೆ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. ಸರಾಸರಿ 72 ವರ್ಷದ ಅಮೆರಿಕದ ಹೆಂಗಸರನ್ನು ಗಮನಿಸಿದಾಗ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು 41% ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಅಪ್ಪನನ್ನು ಅಷ್ಟು ಓಡಿಸಬೇಕಾಗಿಲ್ಲಪ್ಪ.

ನೀವು ಮೊದಲು ಬಿಪಿ, ಶುಗರ್ ನೋಡಿಸಿ, ಡಾಕ್ಟರನ್ನು ಕೇಳಿ ಶುರು ಮಾಡಿ. ಹತ್ತು ನಿಮಿಷದಿಂದ ಆರಂಭವಾಗಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡಗೈಗೋ ಇಳಿದರೆ, ತಣ್ಣಗೆ ಬೆವರಿದರೆ ಅಲ್ಲೇ ಕೂತುಬಿಡಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮನೆ ಕಡೆ ಹೊರಡಬೇಡಿ. ಪಕ್ಕದಲ್ಲಿ ಯಾರಿದ್ದಾರೋ ಅವರಿಂದ 108ಕ್ಕೆ ಫೋನ್ ಮಾಡಿಸಿ.

— ಸಂ.