ಮೆತ್ತನೆಯ ಓಟದ ಶೂ: ದಪ್ಪ ನೋಡಿ ಕೊಳ್ಳಬೇಡಿ

ಒಂದರೊಳಗೆ ಮೂರು ಪ್ರಶ್ನೆ ಕೇಳಿದ್ದೀರಿ, ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ನನಗೆ ಅರ್ಥವಾದದ್ದು ಇಷ್ಟು: ಕೆಲವು ತಿಂಗಳಿಂದ ಓಡುತ್ತಿದ್ದೀರಿ, ಹಾಫ್ ಮ್ಯಾರಥಾನ್ ಗುರಿ ಇದೆ, ದೂರ ಹೆಚ್ಚಿಸಿದಾಗಿನಿಂದ ಮಂಡಿಯ ಮುಂಭಾಗ ನೋಯುತ್ತಿದೆ. ಅಂಗಡಿಯವರು ನಿಮ್ಮನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿ ‘ಚಪ್ಪಟೆ ಪಾದ, ಸ್ಟೆಬಿಲಿಟಿ ಶೂ ಬೇಕು’ ಎಂದರು, ಅಂದರೆ ಪಾದ ಒಳಕ್ಕೆ ವಾಲುವುದನ್ನು ತಡೆಯುವ ಶೂ. ಗೆಳೆಯರು ‘ಅದೆಲ್ಲ ಬೇಡ, ಇರುವುದರಲ್ಲೇ ದಪ್ಪ ಅಟ್ಟೆಯದನ್ನು ತೆಗೆದುಕೊಳ್ಳಿ’ ಎಂದರು. ಯಾರ ಮಾತು ಕೇಳಬೇಕು, ಯಾವ ಕಂಪನಿಯದು ಒಳ್ಳೆಯದು ಎಂಬುದು ನಿಮ್ಮ ಗೊಂದಲ.

ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಮೆತ್ತನೆಯ ಶೂ ನಿಮಗೆ ಸರಿಹೋಗಬಹುದು, ಆದರೆ ಆರಿಸುವ ಕ್ರಮ ಬೇರೆ. ಮೊದಲು ನಿಮ್ಮ ಪಾದದ ಆಕಾರ, ಆಮೇಲೆ ಡ್ರಾಪ್ (ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು), ಆಮೇಲೆ ಫೋಮ್ (ಅಟ್ಟೆಯೊಳಗಿನ ಮೆತ್ತನೆಯ ವಸ್ತು). ದಪ್ಪ ಕೊನೆಗೆ. ಕಂಪನಿಯ ಹೆಸರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಚಪ್ಪಟೆ ಪಾದದ ವಿಷಯ ಮೊದಲು ಮುಗಿಸೋಣ, ಏಕೆಂದರೆ ಅದು ನಿಮ್ಮನ್ನು ಹೆದರಿಸಿದಂತಿದೆ. ಪಾದ ನೆಲಕ್ಕೆ ತಾಗಿದ ಮೇಲೆ ಸ್ವಲ್ಪ ಒಳಕ್ಕೆ ವಾಲುವುದು ರೋಗವಲ್ಲ. ಪೆಟ್ಟನ್ನು ಹೀರಿಕೊಳ್ಳಲು ದೇಹ ಮಾಡಿಕೊಂಡಿರುವ ವ್ಯವಸ್ಥೆಯೇ ಅದು. ಚಪ್ಪಟೆ ಪಾದವೇ ಎಂದು ತಿಳಿಯಲು ಜನ ನೋಡುವ ನೆಲದ ಮೇಲಿನ ಒದ್ದೆ ಹೆಜ್ಜೆಗುರುತು ನೀವು ನಿಂತಾಗಿನ ಪಾದವನ್ನು ತೋರಿಸುತ್ತದೆ, ಓಡುವಾಗಿನದನ್ನಲ್ಲ. ಡೆನ್ಮಾರ್ಕಿನಲ್ಲಿ ಹೊಸದಾಗಿ ಓಟ ಶುರುಮಾಡಿದ 927 ಜನರಿಗೆ ಒಂದೇ ಬಗೆಯ ನ್ಯೂಟ್ರಲ್ (ವಾಲುವಿಕೆ ತಡೆಯುವ ಏರ್ಪಾಡಿಲ್ಲದ) ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಒಳಕ್ಕೆ ವಾಲುವವರಿಗೆ ಗಾಯ ಹೆಚ್ಚಾದದ್ದು ಕಾಣಲಿಲ್ಲ. ಅಮೆರಿಕದ ಸೇನಾ ತರಬೇತಿಯಲ್ಲಿ ಪಾದದ ಕಮಾನು ನೋಡಿ ಶೂ ಹಂಚಿದರೂ ಗಾಯಗಳು ಕಡಿಮೆಯಾಗಲಿಲ್ಲ. ಇದಕ್ಕೆ ವಿರುದ್ಧದ ಫಲವೂ ಇದೆ: ಲಕ್ಸೆಂಬರ್ಗಿನಲ್ಲಿ 372 ಓಟಗಾರರ ಮೇಲೆ ನಡೆದ ಪ್ರಯೋಗದಲ್ಲಿ, ವಾಲುವಿಕೆಯನ್ನು ತಡೆಯುವ ಶೂಗಳಿಂದ ಅಂಥ ಪಾದದವರಿಗೆ ಅನುಕೂಲವಾಯಿತು. ಆದ್ದರಿಂದ ಸ್ಟೆಬಿಲಿಟಿ ಶೂ ಮೋಸ ಎಂದು ನಾನು ಹೇಳುವುದಿಲ್ಲ. ಹಾಕಿಕೊಂಡು ಓಡಿದಾಗ ಹಿತವಾಗಿದ್ದರೆ ಕೊಳ್ಳಿ. ಅಂಗಡಿಯ ಪರದೆಯ ಮೇಲೆ ನಿಮ್ಮ ಕಾಲು ವಾಲಿದಂತೆ ಕಂಡಿತು ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ.

ಹಳೆಯ ಶೂವಿನ ಅಟ್ಟೆ ಹಿಮ್ಮಡಿಯ ಹೊರಅಂಚಿನಲ್ಲಿ ಸವೆದಿದೆ ಎಂದೂ ಬರೆದಿದ್ದೀರಿ. ಹೆಚ್ಚಿನವರದು ಅಲ್ಲೇ ಸವೆಯುತ್ತದೆ. ಅದರಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ.

ಇನ್ನು ದಪ್ಪ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ಬರುತ್ತದೆ. ಫೋಮ್ ಆ ಬಲವನ್ನು ಮಾಯ ಮಾಡುವುದಿಲ್ಲ, ಅದು ಬರುವ ವೇಗವನ್ನು ತಗ್ಗಿಸುತ್ತದೆ. ಇಲ್ಲೊಂದು ತಿರುವು ಇದೆ: ಕೆಳಗೆ ಮೆತ್ತಗಿದ್ದಷ್ಟೂ ದೇಹ ಕಾಲನ್ನು ಬಿಗಿ ಮಾಡಿಕೊಳ್ಳುತ್ತದೆ, ಗಟ್ಟಿಯಿದ್ದರೆ ಮಂಡಿಯನ್ನು ಹೆಚ್ಚು ಬಾಗಿಸಿ ಸಡಿಲ ಮಾಡಿಕೊಳ್ಳುತ್ತದೆ. 2018ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ, ವೇಗವಾಗಿ ಓಡುವಾಗ ಸಾಮಾನ್ಯ ಶೂಗಿಂತ ಅತಿ ದಪ್ಪ ಅಟ್ಟೆಯ ಶೂವಿನಲ್ಲೇ ಪೆಟ್ಟು ಹೆಚ್ಚಾಗಿ ದಾಖಲಾಯಿತು. ಹಾಗೆಂದು ಮೆತ್ತಗಿರುವುದು ವ್ಯರ್ಥವೂ ಅಲ್ಲ. 848 ಹವ್ಯಾಸಿ ಓಟಗಾರರಿಗೆ ನೋಡಲು ಒಂದೇ ತೆರನಾದ, ಆದರೆ ಒಂದು ಗಟ್ಟಿ, ಒಂದು ಮೆದು ಶೂಗಳನ್ನು ಹಂಚಿದ ಪ್ರಯೋಗದಲ್ಲಿ, ಗಟ್ಟಿಯದನ್ನು ತೊಟ್ಟವರಿಗೆ ಗಾಯದ ಸಾಧ್ಯತೆ ಸುಮಾರು ಒಂದೂವರೆ ಪಟ್ಟಿತ್ತು. ಸ್ವಾರಸ್ಯವೆಂದರೆ, ಮೆದು ಶೂವಿನ ಲಾಭ ಸ್ಪಷ್ಟವಾಗಿ ಕಂಡದ್ದು ಹಗುರ ಮೈಯವರಲ್ಲಿ. ‘ತೂಕ ಹೆಚ್ಚಿರುವವರಿಗೆ ಹೆಚ್ಚು ಮೆತ್ತೆ’ ಎಂಬ ಅಂಗಡಿ ಮಾತು ಅಷ್ಟೇನೂ ಗಟ್ಟಿಯದಲ್ಲ. ತೂಕ ಹೆಚ್ಚಿದ್ದರೆ ಅತಿ ಮೆದುವಾದ ಫೋಮ್ ಪೂರ್ತಿ ಅಮುಕಿಹೋಗಿ ಕಾಲು ಅತ್ತಿತ್ತ ಹೊಯ್ದಾಡುತ್ತದೆ. ಅಂಥವರಿಗೆ ಅಗಲ ತಳದ, ತುಸು ಬಿಗಿಯಾದ ಫೋಮ್ ಹೆಚ್ಚು ನೆಮ್ಮದಿ ಕೊಡುತ್ತದೆ.

ದಪ್ಪ ಮತ್ತು ಮೆದು ಎರಡು ಬೇರೆ ಗುಣಗಳು ಎಂಬುದನ್ನೂ ಮರೆಯಬೇಡಿ. ಹಾಸಿಗೆ ದಪ್ಪವಾಗಿದ್ದ ಮಾತ್ರಕ್ಕೆ ಮೆತ್ತಗಿರಬೇಕೆಂದಿಲ್ಲವಲ್ಲ, ಹಾಗೆ.

ಈಗ ನಾನು ಅತಿ ಮುಖ್ಯ ಎಂದುಕೊಂಡಿರುವ ಭಾಗ, ಅಳತೆ. ನಮ್ಮ ಓಟಗಾರರ ಗುಂಪಿನಲ್ಲಿ ಫೋಮ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ಅಳತೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಶೂ ನೋಡಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಉಬ್ಬಿರುತ್ತದೆ. ಓಡುವಾಗ ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎರಡೂ ಪಾದ ಅಳೆಸಿ. ಬಹುತೇಕರಲ್ಲಿ ಒಂದು ದೊಡ್ಡದಿರುತ್ತದೆ, ಆ ದೊಡ್ಡ ಕಾಲಿಗೆ ಹೊಂದುವ ಅಳತೆ ತೆಗೆದುಕೊಳ್ಳಿ. ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಕೆಲವರಿಗೆ ಎರಡನೆಯ ಬೆರಳೇ ಉದ್ದವಿರುತ್ತದೆ, ಅವರು ಅದರಿಂದ ಅಳೆಯಬೇಕು. ಇಳಿಜಾರಿನಲ್ಲಿ ಓಡಿದ ಮೇಲೆ ಉಗುರು ಕಪ್ಪಾಗುವವರಲ್ಲಿ ಹೆಚ್ಚಿನವರಿಗೆ ಈ ಜಾಗವೇ ಸಾಲದು.

ಉದ್ದಕ್ಕಿಂತ ಅಗಲದಲ್ಲೇ ಜನ ಹೆಚ್ಚು ಮೋಸಹೋಗುತ್ತಾರೆ. ಶೂವಿನೊಳಗಿನ ಇನ್‌ಸೋಲ್ ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳೋ ಹೆಬ್ಬೆರಳ ಬುಡವೋ ಅಂಚಿನಿಂದ ಹೊರಚಾಚಿದರೆ ಆ ಶೂ ನಿಮ್ಮದಲ್ಲ, ಮೇಲಿನ ಬಟ್ಟೆ ಎಷ್ಟೇ ಹಿಗ್ಗಲಿ. ಅನೇಕ ಕಂಪನಿಗಳು ಅಗಲವನ್ನು ಅಕ್ಷರಗಳಲ್ಲಿ ಗುರುತಿಸುತ್ತವೆ: ಗಂಡಸರ ಶೂಗಳಲ್ಲಿ ‘ಡಿ’ ಸಾಮಾನ್ಯ, ‘2ಇ’ ಅಗಲ, ‘4ಇ’ ಇನ್ನೂ ಅಗಲ, ಹೆಂಗಸರದರಲ್ಲಿ ‘ಬಿ’ ಸಾಮಾನ್ಯ, ‘ಡಿ’ ಅಗಲ. ಅಗಲ ಸಾಲದೆಂದು ಒಂದು ಅಳತೆ ಉದ್ದದ ಶೂ ಕೊಳ್ಳುವುದು ಕೆಟ್ಟ ಅಭ್ಯಾಸ. ಆಗ ಶೂ ಬಾಗುವ ಜಾಗ ನಿಮ್ಮ ಬೆರಳು ಬಾಗುವ ಜಾಗಕ್ಕೆ ಹೊಂದುವುದಿಲ್ಲ, ಹಿಮ್ಮಡಿ ಒಳಗೆ ಜಾರುತ್ತದೆ.

ನಿಮಗೆಂದೇ ಇನ್ನೊಂದು ಮಾತು. ದಪ್ಪ ಅಟ್ಟೆಯ ಶೂಗಳಲ್ಲಿ ಪಾದ ಫೋಮಿನ ಮೇಲೆ ಕೂರುವುದಿಲ್ಲ, ಫೋಮಿನ ಎತ್ತರದ ಅಂಚುಗಳ ನಡುವೆ ತೊಟ್ಟಿಯೊಳಗಿದ್ದಂತೆ ಇಳಿದು ಕೂರುತ್ತದೆ. ಕಮಾನು ತಗ್ಗಿರುವವರಿಗೆ ಒಳಬದಿಯ ಆ ಅಂಚು ಅಂಗಾಲಿನ ಮಧ್ಯಕ್ಕೆ ಒತ್ತಿ, ಕೆಲವೇ ಕಿಲೋಮೀಟರುಗಳಲ್ಲಿ ಬೊಬ್ಬೆ ಏಳಿಸಬಹುದು. ನಿಂತಾಗ ಅದು ‘ಒಳ್ಳೆಯ ಆಸರೆ’ ಎನಿಸುತ್ತದೆ, ಓಡಿದಾಗ ಉಜ್ಜುತ್ತದೆ. ನಡುಭಾಗ ತೀರಾ ಕಿರಿದಾಗಿರುವ ಅಟ್ಟೆಯನ್ನು ನೀವು ದೂರವಿಡಿ.

ಹಿಮ್ಮಡಿ ಮಾತ್ರ ಸ್ವಲ್ಪ ಜಾರುತ್ತಿದ್ದರೆ ಶೂ ಬಿಟ್ಟುಬಿಡಬೇಕಿಲ್ಲ. ಲೇಸಿನ ಮೇಲಿನ ಕೊನೆಯ ಹೆಚ್ಚುವರಿ ರಂಧ್ರದಲ್ಲಿ ಅದೇ ಬದಿಯಲ್ಲಿ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿ. ಪಾದದ ಮೇಲ್ಭಾಗ ಎತ್ತರವಿದ್ದು ಒತ್ತುತ್ತಿದ್ದರೆ ಒತ್ತುವ ಜಾಗದಲ್ಲಿ ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯ ಮುಂದಿನ ರಂಧ್ರಕ್ಕೆ ನೇರವಾಗಿ ಹಾಕಿ.

ಡ್ರಾಪ್ ಎಂದರೆ ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಮುಂಗಾಲಿನ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸ, ಮಿಲಿಮೀಟರುಗಳಲ್ಲಿ. 10ರಿಂದ 12 ಹಳೆಯ ಸಂಪ್ರದಾಯ, 4ಕ್ಕಿಂತ ಕಡಿಮೆ ಇದ್ದರೆ ತಗ್ಗು, ಆಲ್ಟ್ರಾದಂಥ ಕಂಪನಿಯ ಹೆಚ್ಚಿನ ಶೂಗಳಲ್ಲಿ ಸೊನ್ನೆ. ಡ್ರಾಪ್ ಹೆಚ್ಚಿದ್ದಷ್ಟೂ ಹೊರೆ ಮಂಡಿಯ ಕಡೆ ಸರಿಯುತ್ತದೆ. ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜುವಿನ ಕಡೆ. ಹೊರೆ ಎಲ್ಲಿಗೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನಿಮ್ಮ ದೂರು ಮಂಡಿಯದ್ದಾದ್ದರಿಂದ 12ರ ಬದಲು 6ರಿಂದ 8ರ ಆಸುಪಾಸಿನದನ್ನು ಹಾಕಿ ನೋಡಿ. ಅಕಿಲಿಸ್ ನೋವಿರುವ ಬೇರೆಯವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಲಹೆ ನೇರ ಉಲ್ಟಾ. ಡ್ರಾಪ್ ಬದಲಿಸಿದಾಗ ಮೊದಲ ಕೆಲವು ವಾರ ಹೊಸ ಶೂವನ್ನು ಚಿಕ್ಕ, ನಿಧಾನದ ಓಟಗಳಿಗೆ ಮಾತ್ರ ಇಟ್ಟುಕೊಳ್ಳಿ. ಮೀನಖಂಡ ಹಿಡಿದುಕೊಂಡರೆ ಒಂದೆರಡು ದಿನ ಹಳೆಯದಕ್ಕೆ ಮರಳಿ.

ಇಲ್ಲೇ ಒಂದು ಎಚ್ಚರಿಕೆ. ಹೆಸರು ನಂಬಿ ಕೊಳ್ಳಬೇಡಿ ಎಂದದ್ದು ಇದಕ್ಕೇ: ಹೋಕಾ ಕ್ಲಿಫ್ಟನ್ ಬಹುಕಾಲ 5 ಮಿಲಿಮೀಟರ್ ಡ್ರಾಪಿನ ಶೂ, ಹತ್ತನೆಯ ಆವೃತ್ತಿಯಲ್ಲಿ 8 ಆಯಿತು. ಬ್ರೂಕ್ಸ್ ಗೋಸ್ಟ್ ವರ್ಷಗಟ್ಟಲೆ 12 ಇತ್ತು, ಹದಿನೇಳನೆಯದರಲ್ಲಿ 10ಕ್ಕೆ ಇಳಿಯಿತು. ಪೆಟ್ಟಿಗೆಯ ಮೇಲಿನ ಹೆಸರು ಅದೇ, ಒಳಗಿನ ಶೂ ಬೇರೆ.

ಓಡುವ ರೀತಿ ಎಂದರೆ ಎಲ್ಲರೂ ಹಿಮ್ಮಡಿ ಮೊದಲೋ ಮುಂಗಾಲು ಮೊದಲೋ ಎಂದು ಕೇಳುತ್ತಾರೆ. ಹಿಮ್ಮಡಿ ಊರುವುದು ತಪ್ಪಲ್ಲ. ಅಂತರರಾಷ್ಟ್ರೀಯ ಹಾಫ್ ಮ್ಯಾರಥಾನ್ ಒಂದರಲ್ಲಿ 15ನೇ ಕಿಲೋಮೀಟರ್ ಬಳಿ ಚಿತ್ರೀಕರಿಸಿ ನೋಡಿದಾಗ, ನುರಿತ ಓಟಗಾರರಲ್ಲೂ ಮುಕ್ಕಾಲು ಪಾಲು ಜನ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಶೂ ಆಯ್ಕೆಗೆ ಇದು ಮುಖ್ಯವಾಗುವುದು ಬೇರೆ ರೀತಿಯಲ್ಲಿ. ಅಟ್ಟೆ ಹಿಂದೆ 38, ಮುಂದೆ 28 ಮಿಲಿಮೀಟರ್ ಇದ್ದರೆ, ಮುಂಗಾಲಿನ ಮೇಲೆ ಇಳಿಯುವವನಿಗೆ ಸಿಗುವ ಮೆತ್ತೆ 28ರದ್ದು. ಜಾಹೀರಾತಿನ 38 ಅವನ ಪಾಲಿಗೆ ಸುಮ್ಮನೆ ಹೊರುವ ಭಾರ. ಅಂಥವರು ಮುಂಭಾಗದ ಅಂಕಿಯನ್ನೇ ಕೇಳಿ ತಿಳಿಯಬೇಕು. ಹಿಮ್ಮಡಿ ಊರುವವರು ಅಟ್ಟೆಯ ಹಿಂತುದಿಯನ್ನು ಓರೆಯಾಗಿ ಕತ್ತರಿಸಿದಂತಿದೆಯೇ ನೋಡಬೇಕು; ಹಾಗಿದ್ದರೆ ಪಾದ ನೆಲಕ್ಕೆ ಬಡಿಯದೆ ಉರುಳಿ ಕೂರುತ್ತದೆ. ತುದಿ ಬಾಗಿ ಮೇಲೆದ್ದಿರುವ ರಾಕರ್ ಅಟ್ಟೆ ಹೆಬ್ಬೆರಳ ಬುಡದ ಕೀಲು ನೋಯುವವರಿಗೆ ಹಿತ, ಬೆರಳು ಅಷ್ಟಾಗಿ ಬಾಗಬೇಕಿಲ್ಲ.

ಫೋಮಿನ ಬಗೆಗಳ ಬಗ್ಗೆ ಚುಟುಕಾಗಿ. ಇವಿಎ ಹಳೆಯ, ಅಗ್ಗದ, ನಂಬಬಹುದಾದ ವಸ್ತು. ಚಳಿಯಲ್ಲಿ ಗಟ್ಟಿಯಾಗುತ್ತದೆ, ಕಾಲಕ್ರಮೇಣ ಚಪ್ಪಟೆಯಾಗುತ್ತದೆ. ಟಿಪಿಯು ಬಾಳಿಕೆ ಬರುತ್ತದೆ, ತೂಕ ಹೆಚ್ಚು. ಪೀಬಾ ಹಗುರ, ಚಿಮ್ಮುತ್ತದೆ, ದುಬಾರಿ, ಮೆದುವಾದ್ದರಿಂದ ತಳ ಕಿರಿದಿದ್ದರೆ ಅಲುಗಾಡುತ್ತದೆ. ಒಂದೊಂದು ಶೂಗೆ 100 ಗ್ರಾಂ ತೂಕ ಹೆಚ್ಚಾದರೆ ಓಟದ ಶ್ರಮ ಸುಮಾರು ಶೇಕಡಾ 1ರಷ್ಟು ಏರುತ್ತದೆ. ದಿನನಿತ್ಯದ ನಿಧಾನದ ಓಟಕ್ಕೆ ಅದು ದೊಡ್ಡ ವಿಷಯವಲ್ಲ.

ಅಂಗಡಿಯಲ್ಲಿ ಪರೀಕ್ಷೆ ಹೇಗೆ? ಮೊದಲ ಒಂದು ನಿಮಿಷದ ಮೆತ್ತನೆಯ ಅನುಭವವನ್ನು ನಂಬಬೇಡಿ, ಶೂ ಮಾರಾಟವಾಗುವುದೇ ಆ ಒಂದು ನಿಮಿಷದಲ್ಲಿ. ಒಂಟಿ ಕಾಲಿನ ಮೇಲೆ ನಿಂತು ಮಂಡಿಯನ್ನು ತುಸು ಬಾಗಿಸಿ. ಪಾದದ ಕೀಲು ಅತ್ತಿತ್ತ ತಡಕಾಡುತ್ತಿದ್ದರೆ ಆ ಫೋಮ್ ನಿಮಗೆ ತೀರಾ ಮೆದು, ಅಥವಾ ತಳ ಕಿರಿದು. ಆಮೇಲೆ ಐದಾರು ನಿಮಿಷ ನಿಜವಾಗಿ ಓಡಿ, ಒಂದೆರಡು ಸಲ ಚುರುಕಾಗಿ ತಿರುಗಿ. ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಶೂ ಹಾಕಿ ಹೋಲಿಸಿದರೆ ಗೊಂದಲ ಬೇಗ ಬಗೆಹರಿಯುತ್ತದೆ, ಮಾರುವವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. ಜೀವಯಂತ್ರಶಾಸ್ತ್ರದ ಹೆಸರಾಂತ ವಿಜ್ಞಾನಿ ಬೆನ್ನೋ ನಿಗ್ ಕೂಡ ದೀರ್ಘಕಾಲದ ಸಂಶೋಧನೆಯ ನಂತರ, ಓಡುವಾಗ ಹಿತವೆನಿಸುವುದನ್ನೇ ಆಯ್ಕೆಯ ಮುಖ್ಯ ಅಳತೆಗೋಲಾಗಿ ಮುಂದಿಟ್ಟರು. ‘ಸ್ವಲ್ಪ ದಿನ ಹಾಕಿದರೆ ಸರಿಹೋಗುತ್ತದೆ’ ಎಂಬ ಭರವಸೆಯನ್ನು ಮಾತ್ರ ಒಪ್ಪಬೇಡಿ. ಈಗಿನ ಓಟದ ಶೂ ಮೊದಲ ದಿನವೇ ಹೊಂದಬೇಕು.

ನಿಮ್ಮ ಹಳೆಯ ಶೂ ಇನ್ನೂ ಚೆನ್ನಾಗಿದ್ದರೆ ಎಸೆಯಬೇಡಿ, ಎರಡನ್ನೂ ಬದಲಿಸುತ್ತ ಓಡಿ. 264 ಓಟಗಾರರನ್ನು ಗಮನಿಸಿದ ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ಜೊತೆ ಬಳಸುವವರಿಗೆ ಗಾಯದ ಸಾಧ್ಯತೆ ಶೇಕಡಾ 39ರಷ್ಟು ಕಡಿಮೆ ಕಂಡಿತು. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ತಳದ ರಬ್ಬರ್ ಚೆನ್ನಾಗಿದ್ದರೂ ಒಳಗಿನ ಫೋಮ್ ಸತ್ತಿರಬಹುದು. ಪಕ್ಕದಲ್ಲಿ ಅಳಿಸದ ಅಡ್ಡಗೆರೆಗಳು ಬಿದ್ದಿದ್ದರೆ ಅದೇ ಗುರುತು.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಮಂಡಿಗೆ ಶೂಗಿಂತ ಹೆಚ್ಚು ಉಪಯೋಗವಾಗುವುದು ಬೇರೆ ಎಂದು ನನ್ನ ಅನುಮಾನ. ದೂರ ಹೆಚ್ಚಿಸಿದಾಗಿನಿಂದ ನೋವು ಎಂದು ನೀವೇ ಬರೆದಿದ್ದೀರಿ. ದೂರವನ್ನು ಹಿಂದಿನ ಮಟ್ಟಕ್ಕೆ ಇಳಿಸಿ. ಅದೇ ವೇಗದಲ್ಲಿ ನಿಮಿಷದ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಷ್ಟು ಹೆಚ್ಚಿಸಿ, ಅಂದರೆ ನಿಮಿಷಕ್ಕೆ 160 ಇದ್ದರೆ 168. ಹೆಜ್ಜೆ ಚಿಕ್ಕದಾಗಿ ಪಾದ ದೇಹದ ಹತ್ತಿರ ಊರುತ್ತದೆ, ಮಂಡಿಯ ಹೊರೆ ಇಳಿಯುತ್ತದೆ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗಲೂ ಕುಂಟುವಂತಾದರೆ ಶೂ ಹುಡುಕಾಟ ನಿಲ್ಲಿಸಿ ಮೊದಲು ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರನ್ನು ಕಾಣಿ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು ‘ಹಾಗಿದ್ದರೆ ನೇರವಾಗಿ ಕಾರ್ಬನ್ ಪ್ಲೇಟ್ ಶೂ ಕೊಂಡರೆ ಹೇಗೆ’ ಎಂದು ಕೇಳಿದ್ದಾರೆ, ಅಂದರೆ ಅಟ್ಟೆಯೊಳಗೆ ಕಾರ್ಬನ್ ನಾರಿನ ಗಟ್ಟಿ ಹಾಳೆ ಇರುವ ಶೂ. 2017ರಲ್ಲಿ ನೈಕಿ ವೇಪರ್‌ಫ್ಲೈ ಬಂದ ಮೇಲೆ ಆ ಮೋಹ ಶುರುವಾಯಿತು. ಅದರಲ್ಲಿ ಓಟದ ಶ್ರಮ ಸರಾಸರಿ ಶೇಕಡಾ 4ರಷ್ಟು ಉಳಿಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸತ್ಯವೇ. ಆದರೆ ಅವು ಸ್ಪರ್ಧೆಯ ವೇಗಕ್ಕೆಂದು ಮಾಡಿದ, ಎತ್ತರದ, ಹಿಂದುಗಡೆ ಕಿರಿದಾದ ಶೂಗಳು. ನಿಧಾನವಾಗಿ ಓಡುವಾಗ, ಸುಸ್ತಾದಾಗ, ತಿರುವಿನಲ್ಲಿ ಅವು ಕಾಲನ್ನು ಅಲುಗಿಸುತ್ತವೆ. ರಸ್ತೆ ಸ್ಪರ್ಧೆಗಳಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಟ್ಟೆಯ ದಪ್ಪವನ್ನು 40 ಮಿಲಿಮೀಟರಿಗೆ ಮಿತಿಗೊಳಿಸಿದೆ. ಹವ್ಯಾಸಿಗಳ ಅಟ್ಟೆಯ ದಪ್ಪವನ್ನು ಅಳೆಯಲು ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಮಂಡಿ ನೋಯುತ್ತಿರುವಾಗ ಮೊದಲ ಹಾಫ್ ಮ್ಯಾರಥಾನಿನ ತಯಾರಿಗೆ ಅದು ಬೇಡ.

ನಿಮ್ಮ ಈಗಿನ ಶೂವಿನ ಡ್ರಾಪ್ ಎಷ್ಟು, ಇನ್‌ಸೋಲ್ ಮೇಲೆ ನಿಂತಾಗ ಪಾದ ಎಲ್ಲಿ ಹೊರಚಾಚುತ್ತದೆ ಎಂದು ಇಲ್ಲೇ ಬರೆಯಿರಿ. ಅದು ತಿಳಿದರೆ ಎರಡು ಮೂರು ಮಾದರಿಗಳ ಹೆಸರನ್ನೇ ಹೇಳುತ್ತೇನೆ.