ಕ್ಷುದ್ರಗ್ರಹದಲ್ಲಿ ಸಿಕ್ಕಿದ್ದು ಜೀವ ಅಲ್ಲ

ಬಸವನಗುಡಿಯ ಓದುಗರಿಗೆ ನಮಸ್ಕಾರ.

‘ಬೆನ್ನು ಅನ್ನುವ ಕ್ಷುದ್ರಗ್ರಹದ ಮಣ್ಣಲ್ಲಿ ಅಮೈನೋ ಆಮ್ಲ ಸಿಕ್ಕಿದೆ. ಜೀವ ಆಕಾಶದಿಂದ ಬಂತು ಅಂತ ಸಾಬೀತಾಯಿತಲ್ಲ, ಮತ್ತೆ ಸಮುದ್ರದಲ್ಲಿ ಹುಟ್ಟಿತು ಅಂತ ಯಾಕೆ ಬರೆಯುತ್ತೀರಿ? ಭೂಮಿಯಲ್ಲಿ ಅದಕ್ಕೆ ಕಾಲವಾದರೂ ಎಲ್ಲಿತ್ತು?’ ಎಂದು ಕೇಳಿದ್ದೀರಿ. ಪತ್ರ ಓದಿ ಖುಷಿಯಾಯಿತು. ಆದರೆ ಅದಿನ್ನೂ ಸಾಬೀತಾಗಿಲ್ಲ.

ನಾಸಾ ನೌಕೆ 2023ರಲ್ಲಿ ತಂದ ಆ ಮಣ್ಣು ಸುಮಾರು 120 ಗ್ರಾಂ. ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿದ್ದವು. ದೊಡ್ಡ ಸುದ್ದಿಯೇ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಈ ಆಮ್ಲಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಕೈಗಳ ಹಾಗೆ ಎಡ, ಬಲ ಎಂಬ ಎರಡು ರೂಪ. ಭೂಮಿಯ ಜೀವಿಗಳು ಪ್ರೋಟೀನು ಕಟ್ಟುವುದು ಎಡ ರೂಪದಿಂದ. ಬೆನ್ನುವಿನಲ್ಲಿ ಎರಡೂ ಹೆಚ್ಚುಕಮ್ಮಿ ಸಮವಾಗಿದ್ದವು. ಅಂದರೆ ಅವನ್ನು ಜೀವಿಗಳು ಮಾಡಿದಂತೆ ಕಾಣುವುದಿಲ್ಲ, ಕಲ್ಲು ನೀರಿನ ರಸಾಯನವೇ ಸಾಕು. ಸಾಮಗ್ರಿ ಮೇಲಿನಿಂದ ಬಿದ್ದು, ಜೀವ ಇಲ್ಲಿನ ನೀರಲ್ಲೇ ಹುಟ್ಟಿರಬಹುದು ಅಲ್ವಾ? ಎರಡಕ್ಕೂ ಜಗಳವಿಲ್ಲ.

ಜೀವವೇ ಹಾರಿ ಬಂದಿರಬಹುದು ಅನ್ನುವುದನ್ನೂ ನಾನು ತಳ್ಳಿಹಾಕುವುದಿಲ್ಲ. ಜಪಾನಿನವರು ಡೈನೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಒಣ ಮುದ್ದೆಗಳನ್ನು ಅಂತರಿಕ್ಷ ನಿಲ್ದಾಣದ ಹೊರಗೆ ಮೂರು ವರ್ಷ ಇಟ್ಟಿದ್ದರು. ಮೇಲಿನ ಪದರ ಸತ್ತುಹೋಯಿತು. ಅದರ ಮರೆಯಲ್ಲಿದ್ದವು ಬದುಕಿದವು!

ನಮ್ಮ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಕೂಡ ಇದನ್ನು ಸುಮ್ನೆ ವಾದ ಮಾಡದೆ ಪರೀಕ್ಷೆಗೆ ಇಳಿಸಿದರು. 2005ರಲ್ಲಿ ಇಸ್ರೋ ನೆರವಿನಿಂದ ಹೈದರಾಬಾದಿನಲ್ಲಿ ಬಲೂನು ಹಾರಿಸಿ, 20ರಿಂದ 41 ಕಿ.ಮೀ. ಎತ್ತರದ ಗಾಳಿ ಹಿಡಿದು ತಂದರು. ಮೂರು ಹೊಸ ಬ್ಯಾಕ್ಟೀರಿಯಾ ಸಿಕ್ಕವು, ಒಂದಕ್ಕೆ ಆರ್ಯಭಟನ ಹೆಸರಿಟ್ಟರು. ಆದರೆ ಮೂರೂ ಭೂಮಿಯಲ್ಲಿ ಗೊತ್ತಿರುವ ಕುಲದವೇ. ಅವು ಹೊರಗಿನವು ಎಂದು ಇದರಿಂದ ಖಚಿತವಾಗುವುದಿಲ್ಲ ಅಂತ ಇಸ್ರೋ ಫಲಿತಾಂಶ ಪ್ರಕಟಿಸುವಾಗಲೇ ಹೇಳಿತು. ಆ ಎಚ್ಚರ ನನಗೆ ತುಂಬಾ ಹಿಡಿಸಿತು.

ಇನ್ನು ಕಾಲದ ಮಾತು. ನಿಮ್ಮ ಮನೆ ಹತ್ತಿರದ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ರೂಪುಗೊಳ್ಳುವ ಹೊತ್ತಿಗೆ ಭೂಮಿಯಲ್ಲಿ ಜೀವ ಆಗಲೇ ಇತ್ತು. ಆಸ್ಟ್ರೇಲಿಯಾದ ಬಂಡೆಗಳಲ್ಲಿ ಸೂಕ್ಷ್ಮಜೀವಿಗಳ ಕುರುಹು ಸುಮಾರು 350 ಕೋಟಿ ವರ್ಷ ಹಳೆಯದು. ಭೂಮಿಗೆ 450 ಕೋಟಿ. ನಡುವೆ ಇರುವ 100 ಕೋಟಿ ವರ್ಷ ಕಮ್ಮಿಯೋ ಜಾಸ್ತಿಯೋ? ಜೀವ ಹುಟ್ಟಿದ ಇನ್ನೊಂದು ಜಾಗ ಸಿಗುವ ತನಕ ಹೋಲಿಸಿ ನೋಡಲು ಏನೂ ಇಲ್ಲ. ಹೊರಗಿನಿಂದ ಬಂತು ಅಂದರೂ, ಅಲ್ಲಿ ಹೇಗೆ ಹುಟ್ಟಿತು ಅನ್ನುವ ಪ್ರಶ್ನೆ ಉಳಿದೇ ಉಳಿಯುತ್ತದೆ.

ಮಂಗಳದಲ್ಲೋ ಶನಿಯ ಚಂದ್ರ ಎನ್ಸೆಲಾಡಸ್‌ನಲ್ಲೋ ಮುಂದೆ ಜೀವ ಸಿಕ್ಕರೆ ನಾನು ಮೊದಲು ನೋಡುವುದು ಅದರ ಅಮೈನೋ ಆಮ್ಲಗಳನ್ನು. ಅವು ಬಲ ರೂಪದವಾಗಿದ್ದರೆ, ಆ ಜೀವ ನಮ್ಮ ನೆಂಟಸ್ತನವಿಲ್ಲದೆ ತಾನೇ ಹುಟ್ಟಿದೆ ಎನ್ನಲು ಬಲವಾದ ಕಾರಣ ಸಿಕ್ಕಂತೆ.

– ಸಂಪಾದಕ